ಉಬುಂಟು ಅಪ್‌ಡೇಟ್ ನಡುವ ಕರೆಂಟ್ ಹೋದ್ರ ಏನ್ ಮಾಡ್ಬೇಕ್ರೀ?

ಪ್ರಶ್ನೆ (ಸೇಡಂ, ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿ):
ನಮಸ್ಕಾರ್ರೀ ಸರ್. ಅಂಗಡ್ಯಾಗ ವಿಂಡೋಸ್ ಬದಲಿ ಉಬುಂಟು 22.04 ಆಪರೇಟಿಂಗ್ ಸಿಸ್ಟಂ ಅದ. ನಿನ್ನೆ ಅಪ್‌ಡೇಟ್ ನಡೆದಾಗ ಕರೆಂಟ್ ಹೋತು, ಯುಪಿಎಸ್ ಕೈಕೊಟ್ತು. ಇವತ್ತ ಪ್ರಿಂಟರ್ ಡ್ರೈವರ್ ಹಾಕ್ಲಿಕ್ಕೆ ಹೋದ್ರ, ಡಿಪಿಕೆಜಿ (ಪ್ಯಾಕೇಜ್ ಹಾಕೋ ಪ್ರೋಗ್ರಾಂ) ಅರ್ಧಕ್ಕೆ ನಿಂತದ, ಕಾನ್ಫಿಗರ್ ಕಮಾಂಡ್ ನೀವೇ ಓಡಿಸ್ರಿ ಅಂತ ಎರರ್ ಬರ್ಲಿಕತ್ತದ. ಅದನ್ನ ಓಡಿಸಿದ್ರ ಲಾಕ್ ಸಿಗವಲ್ದು ಅಂತದ. ಒಂದು ವಿಡಿಯೋದಾಗ ಲಾಕ್ ಫೈಲ್ ಅಳಿಸಿಬಿಡ್ರಿ ಅಂದಾರ. ಅಳಿಸ್ಲೇನ್ರೀ? ತೊಗರಿ ನೋಂದಣಿಗೆ ಬಂದ ರೈತರು ಹೊರಗ ನಿಂತಾರ, ಫಾರ್ಮ್ಯಾಟ್ ಮಾಡ್ಕೋತ ಕೂಡೋ ಟೈಮ್ ಇಲ್ಲ.

ಉತ್ತರ (ಕಲಬುರಗಿ, ಕಾಲೇಜ್ ಲ್ಯಾಬಿನ ಸಿಸ್ಟಂ ಅಡ್ಮಿನ್):
ಅಳಿಸಬ್ಯಾಡ್ರಿ. ಆ ಫೈಲ್ ಯಾವಾಗ್ಲೂ ಅಲ್ಲೇ ಇರ್ತದ, ಅಪ್‌ಡೇಟ್ ನಡೀದಿದ್ರೂ ಇರ್ತದ. ಲಾಕ್ ಅನ್ನೋದು ಫೈಲ್ ಅಲ್ಲ, ಆ ಫೈಲ್ ಮ್ಯಾಲ ಒಂದು ಪ್ರೋಗ್ರಾಂ ಕರ್ನೆಲ್ (ಸಿಸ್ಟಂನ ತಿರುಳು) ಕಡೆಯಿಂದ ಹಿಡಿದ ಹಿಡಿತ. ಫೈಲ್ ಅಳಿಸಿದ್ರ ಹಿಡಿದವರು ಬಿಡಂಗಿಲ್ಲ, ಎರಡನೇ ಡಿಪಿಕೆಜಿ ಒಳಗ ಹೊಕ್ಕು ಇಬ್ಬರೂ ಕೂಡಿ ಒಂದೇ ಖಾತೆ ಪುಸ್ತಕದಾಗ ಬರೀಲಿಕ್ಕೆ ಶುರು ಮಾಡ್ತಾರ. ಆಮ್ಯಾಲ ಖರೇನೇ ಫಾರ್ಮ್ಯಾಟ್ ಮಾಡ್ಬೇಕಾಗ್ತದ.

ಲಾಕ್ ಎರರ್ ಪೂರಾ ಓದ್ರಿ. ಅದರಾಗ ಪ್ರೊಸೆಸ್ (ಓಡ್ಲಿಕತ್ತಿರೋ ಪ್ರೋಗ್ರಾಂ) ನಂಬರ್ ಇರ್ತದ, ಆಪ್ಟ್ ಕೊಟ್ಟ ಎರರ್ ಆದ್ರ ಬಾಜೂಕ ಕಂಸದಾಗ ಹೆಸರೂ ಇರ್ತದ. ಬಹಳ ಸಲ ಅದು ‘ಅನ್‌ಅಟೆಂಡೆಡ್-ಅಪ್‌ಗ್ರ’ ಅಂತ ಅರ್ಧಕ್ಕೆ ಕತ್ತರಿಸಿದ ಹೆಸರು. ಉಬುಂಟು ತಾನೇ ಸೆಕ್ಯುರಿಟಿ ಅಪ್‌ಡೇಟ್ ಹಾಕ್ಕೊಳ್ಳೋ ಪ್ರೋಗ್ರಾಂ ಅದು. ಅದರ ಟೈಮರ್ ಇರೋದು ಮುಂಜಾನೆ 6ರ ನಂತರ, 7ರೊಳಗ. ಆಗ ನಿಮ್ಮ ಮಷಿನ್ ಬಂದ್ ಇರ್ತದಲ್ಲ, ಅಂಗಡಿ ತೆಗೆದು ಚಾಲೂ ಮಾಡಿದ ಸ್ವಲ್ಪ ಹೊತ್ತಿನಾಗ ಬಾಕಿ ಉಳಿದ ಕೆಲಸ ಹಿಡೀತದ. ಗಿರಾಕಿ ಬರೋದೂ ಆಗಲೇ. ಅದಕ್ಕೇ ಅಂಗಡಿಯವರಿಗೇ ಈ ಎರರ್ ಜಾಸ್ತಿ ಕಾಣ್ತದ.

ಅರ್ಧ ತಾಸು ಬಿಡ್ರಿ. ಅರ್ಧಕ್ಕೆ ನಿಂತ ಡಿಪಿಕೆಜಿಯನ್ನ ಕೆಲವೊಮ್ಮೆ ಅದೇ ಸರಿ ಮಾಡ್ಕೋತದ. ಆದ್ರೂ ಬಿಡ್ಲಿಲ್ಲಂದ್ರ ಮೆನುದಾಗಿಂದ ರೀಸ್ಟಾರ್ಟ್ ಕೊಡ್ರಿ, ಪ್ಲಗ್ ಕೀಳಬ್ಯಾಡ್ರಿ. ಆಮ್ಯಾಲ ಈ ಕ್ರಮದಾಗ (ಓದ್ಲಿಕ್ಕೆ ಕನ್ನಡದಾಗ ಬರೆದೀನಿ, ಟರ್ಮಿನಲ್‌ನಾಗ ಇಂಗ್ಲಿಷ್ ಅಕ್ಷರದಾಗ ಹೊಡೀರಿ):

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್
ಸುಡೊ ಆಪ್ಟ್ ಅಪ್‌ಡೇಟ್

ಮೊದಲನೇದು ಬಿಚ್ಚಿಟ್ಟು ಪೂರಾ ಹೊಂದಿಸದೇ ಬಿಟ್ಟ ಪ್ಯಾಕೇಜ್‌ಗಳನ್ನ ಮುಗಿಸ್ತದ. ಎರಡನೇದು ಕಡಿಮೆ ಬಿದ್ದ ಡಿಪೆಂಡೆನ್ಸಿ (ಒಂದು ಪ್ಯಾಕೇಜ್ ನಡೀಲಿಕ್ಕೆ ಬೇಕಾದ ಬ್ಯಾರೆ ಪ್ಯಾಕೇಜ್) ತರ್ತದ. ಅಲ್ಲಿ ‘ಇಷ್ಟು ಪ್ಯಾಕೇಜ್ ತೆಗೀತೀನಿ’ ಅಂತ ಉದ್ದನ್ನ ಪಟ್ಟಿ ಬಂದ್ರ ವೈ ಒತ್ತದೇ ಆ ಪಟ್ಟಿ ಇಲ್ಲಿ ಹಾಕ್ರಿ, ನೋಡೋಣ.

ಸೇಡಂ: ಲಾಕ್ ತಾನೇ ಬಿಟ್ತು ಸರ್. ಮೊದಲನೇ ಕಮಾಂಡ್ ನಡುವ ನಿಂತು, ಕಪ್ಸ್-ಬ್ರೌಸ್ಡ್ ಅನ್ನೋ ಪ್ರಿಂಟರ್ ಸೆಟ್ಟಿಂಗ್ ಫೈಲ್ ಬದಲಾಗ್ಯಾದ, ವೈ ಅಥವಾ ಎನ್ ಅಂತ ಕೇಳ್ಲಿಕತ್ತದ. ಪ್ರಿಂಟರ್ ಶೇರಿಂಗ್ ಸಲುವಾಗಿ ಅದನ್ನ ತಿದ್ದಿಸಿದ್ದು ಖರೆ.

ಉತ್ತರ: ಎನ್ ಒತ್ರಿ, ಇಲ್ಲಾ ಬರೀ ಎಂಟರ್ ಹೊಡೀರಿ. ನಿಮ್ಮ ತಿದ್ದುಪಡಿ ಹಂಗೇ ಉಳೀತದ, ಕಂಪನಿಯ ಹೊಸ ಫೈಲ್ ಬಾಜೂಕ ಡಿಪಿಕೆಜಿ-ಡಿಸ್ಟ್ ಅನ್ನೋ ಬಾಲ ಹಚ್ಕೊಂಡು ಕೂಡ್ತದ. ವೈ ಒತ್ತಿದ್ರ ಶೇರಿಂಗ್ ಹೋಗ್ತದ.

ಸೇಡಂ: ಮೂರೂ ಮುಗದ್ವು ಸರ್. ಡ್ರೈವರ್ ಕುಂತದ. ಬಾಳ ಥ್ಯಾಂಕ್ಸ್ ರೀ.

ಪ್ರಶ್ನೆ (ಹುಮನಾಬಾದ್): ಅಣ್ಣಾ, ನಮ್ಮದೂ ಕರೆಂಟ್ ಹೋಗಿದ್ದೇ ಕಥಿ. ಆದ್ರ ಡಿಪಿಕೆಜಿ ಏನು ಮಾಡಿದ್ರೂ ಏಳವಲ್ದು. ಕೊನೇಕ ‘ಸಬ್‌ಪ್ರೊಸೆಸ್ ಎರರ್ ಕೋಡ್ (1)’ ಅಂತ ಬರ್ತದ. ಫೋಟೋ ಹಾಕೀನಿ.

ಉತ್ತರ: ತಮ್ಮಾ, ಫೋಟೋದಾಗ ಕೊನೇ ಸಾಲು ಒಂದೇ ಅದ. ಗ್ರೂಪಿನಾಗ ಎಲ್ಲರೂ ಹಿಂಗೇ ಮಾಡ್ತೀರಿ. ಆ ಸಾಲು ‘ಕೆಲಸ ಕೆಟ್ತು’ ಅಂತಷ್ಟೇ ಹೇಳ್ತದ, ಯಾಕ ಕೆಟ್ತು ಅಂತಲ್ಲ. ಮ್ಯಾಲ ಸರಿಸಿ ಮೊದಲನೇ ಎರರ್ ಕಳಿಸು.

ಹುಮನಾಬಾದ್: ‘ಪಾರ್ಸಿಂಗ್ ಫೈಲ್ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್’ ಅಂತ ಅದ ಅಣ್ಣಾ.

ಉತ್ತರ: ಇದೇ ನೋಡು ಅಸಲಿ ಮಾತು. ಯಾವ ಪ್ಯಾಕೇಜ್ ಅದ, ಯಾವ ವರ್ಷನ್, ಪೂರಾ ಹೊಂದ್ಯಾದೋ ಇಲ್ಲೋ, ಎಲ್ಲಾ ಆ ಸ್ಟೇಟಸ್ ಫೈಲಿನಾಗ ಬರೀ ಅಕ್ಷರದಾಗ ಇರ್ತದ. ಬರೀತಿದ್ದಾಗಲೇ ಕರೆಂಟ್ ಹೋದ್ರ ನಡುವ ಕಸ ಸೇರ್ತದ, ಇಲ್ಲಾ ಫೈಲೇ ಖಾಲಿ ಆಗ್ತದ. ಗಾಬರಿ ಬ್ಯಾಡ, ಡಿಪಿಕೆಜಿ ಹಿಂದಿನ ಪ್ರತಿ ಇಟ್ಟಿರ್ತದ. ಅದೇ ಫೋಲ್ಡರಿನಾಗ ‘ಎಲ್ಎಸ್ -ಎಲ್’ ಹೊಡೆದು ಸ್ಟೇಟಸ್, ಸ್ಟೇಟಸ್-ಓಲ್ಡ್ ಎರಡರ ಸೈಜ್ ನೋಡು. ಡೆಸ್ಕ್‌ಟಾಪ್ ಉಬುಂಟುದಾಗ ಅದು ಎಂಬಿ ಲೆಕ್ಕದಾಗ ಇರ್ಬೇಕು. ಓಲ್ಡ್ ಚಲೋ ಕಂಡ್ರ, ಕೆಟ್ಟದ್ದನ್ನ ಬ್ಯಾರೆ ಹೆಸರಿಗೆ ಕಾಪಿ ಮಾಡಿಟ್ಟು:

ಸುಡೊ ಸಿಪಿ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್-ಓಲ್ಡ್ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್

ಓಲ್ಡ್ ಕೂಡ ಕೆಟ್ಟಿದ್ರ /ವಾರ್/ಬ್ಯಾಕಪ್ಸ್ ಒಳಗ ಡಿಪಿಕೆಜಿ.ಸ್ಟೇಟಸ್.0 ನೋಡು, ಅದರ ಹಿಂದಿನವು ಜಿಝಿಪ್ (ಒತ್ತಿ ಸಣ್ಣ ಮಾಡಿದ ಫೈಲ್) ಆಗಿ ಕುಂತಿರ್ತಾವ. ಹಳೇ ಪ್ರತಿ ಹಾಕಿದ ಮ್ಯಾಲ ಸೇಡಂದವರಿಗೆ ಕೊಟ್ಟ ಮೂರು ಕಮಾಂಡ್ ಓಡಿಸು. ಯಾವುದಾದ್ರೂ ಪ್ಯಾಕೇಜಿನ ‘ಫೈಲ್ಸ್ ಲಿಸ್ಟ್’ ಇಲ್ಲ ಅಂತ ಎಚ್ಚರಿಕೆ ಬಂದ್ರ ಅದೊಂದನ್ನ --ರೀಇನ್‌ಸ್ಟಾಲ್ ಹಚ್ಚಿ ಮತ್ತ ಹಾಕು. ಮತ್ತ ಇನ್ನೊಂದು: ಕರೆಂಟ್ ಹೋಗದೇ ಇದ್ರೂ ಈ ಫೈಲ್ ಪದೇ ಪದೇ ಕೆಡ್ಲಿಕತ್ತಿದ್ರ ಉಬುಂಟುಗ ಬೈಬ್ಯಾಡ, ಹಾರ್ಡ್ ಡಿಸ್ಕ್ ಪರೀಕ್ಷಾ ಮಾಡ್ಸು.

ಪ್ರಶ್ನೆ (ಯಾದಗಿರಿ, ಶಾಲಾ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳೋ ಶಿಕ್ಷಕಿ): ಸರ್, ಒಂದು ಹಳೇ ಸಿಸ್ಟಂನಲ್ಲಿ ಮಾತ್ರ ಅಪ್‌ಡೇಟ್ ಆಗ್ತಿಲ್ಲ. ‘ರಿಲೀಸ್ ಫೈಲ್ ಇನ್ನೂ ವ್ಯಾಲಿಡ್ ಆಗಿಲ್ಲ’ ಅಂತ ಬರ್ತದೆ. ಬ್ರೌಸರ್‌ನಲ್ಲೂ ಎಲ್ಲಾ ಸೈಟಿಗೂ ಸರ್ಟಿಫಿಕೇಟ್ ಎರರ್.

ಉತ್ತರ: ಮೇಡಂ, ಆ ಸಿಸ್ಟಂ ತಾರೀಖು ನೋಡ್ರಿ. ಎಷ್ಟೋ ವರ್ಷ ಹಿಂದ ಇರ್ತದ. ಸರ್ವರ್‌ನಾಗ ಇರೋ ಪಟ್ಟಿಗೆ ಇವತ್ತಿನ ತಾರೀಖು, ನಿಮ್ಮ ಮಷಿನಿಗೆ ಅದು ಮುಂದ ಬರೋ ದಿನದ್ದು ಅನಿಸ್ತದ, ಅದಕ್ಕೇ ಒಪ್ಪಂಗಿಲ್ಲ. ಬ್ರೌಸರ್ ಕಾರಣನೂ ಅದೇ. ಮದರ್‌ಬೋರ್ಡಿನ ಗುಂಡನ್ನ ಸಿಆರ್ 2032 ಸೆಲ್ ಮುಗದದ, ಬದಲಿ ಮಾಡ್ಸ್ರಿ. ಸೆಲ್ ಬರೋತನಕ ನೆಟ್ ಹಚ್ಚಿ ‘ಸುಡೊ ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ ಕೊಡ್ರಿ, ಸ್ವಲ್ಪ ಹೊತ್ತಿಗೆ ಟೈಮ್ ಸರಿ ಆಗ್ತದ.

ಪ್ರಶ್ನೆ (ಬೀದರ್, ಇಂಜಿನಿಯರಿಂಗ್ ವಿದ್ಯಾರ್ಥಿ): ಸರ್, ಅಪ್‌ಡೇಟ್ ಕೊಟ್ರ ನನಗ ಬರೇ 404 (ಫೈಲ್ ಸಿಗಲಿಲ್ಲ) ಎರರ್. ಸರ್ವರ್ ಬದಲಿ ಮಾಡಿದ್ರೂ ಅದೇ. ಉಬುಂಟು 23.10 ಅದ.

ಉತ್ತರ: ಸರ್ವರ್ ತಪ್ಪಲ್ಲ. 23.10 ಒಂಬತ್ತು ತಿಂಗಳ ಆವೃತ್ತಿ, 2024ರ ಜುಲೈಗೆ ಮುಗೀತು. ಅದರ ಫೈಲ್‌ಗಳನ್ನ ಮಾಮೂಲಿ ಸರ್ವರ್‌ದಿಂದ ಎತ್ತಿ ಓಲ್ಡ್-ರಿಲೀಸಸ್ ಅನ್ನೋ ಬ್ಯಾರೆ ಸರ್ವರ್‌ಗೆ ಸಾಗಿಸ್ಯಾರ. ಸೋರ್ಸಸ್ ಫೈಲಿನಾಗ (ಪ್ಯಾಕೇಜ್ ಎಲ್ಲಿಂದ ತರ್ಬೇಕು ಅಂತ ಬರೆದ ಫೈಲ್) ವಿಳಾಸ ತಿದ್ದಿ ಅಲ್ಲಿಂದ 24.04ಕ್ಕೆ ಏರಬಹುದು, ಆದ್ರ ವಿದ್ಯಾರ್ಥಿ ಲ್ಯಾಪ್‌ಟಾಪಿಗೆ ಅಷ್ಟು ಒದ್ದಾಟ ಯಾಕ? ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ ಹೊಡೆದು ಬಂದ ಪ್ಯಾಕೇಜ್ ಪಟ್ಟಿ ಒಂದು ಫೈಲಿಗೆ ಉಳಿಸ್ಕೋ, ಹೋಮ್ ಫೋಲ್ಡರ್ ಪೆನ್‌ಡ್ರೈವಿಗೆ ತಗೋ, 24.04 ಹೊಸದಾಗಿ ಹಾಕು. ಅದು ಎಲ್‌ಟಿಎಸ್ (ಬಹಳ ವರ್ಷ ನಡಿಯೋ ಆವೃತ್ತಿ), 2029ರ ತನಕ ಅಪ್‌ಡೇಟ್ ಬರ್ತಾವ. ಮೂರನೇಯವರ ಪಿಪಿಎಗಳನ್ನ (ಹೊರಗಿನವರು ಇಟ್ಟ ಪ್ಯಾಕೇಜ್ ಭಂಡಾರ) ಹಳೇದರಿಂದ ಹಂಗೇ ಎತ್ಕೊಂಡು ಬರಬ್ಯಾಡ, ಬೇಕಾದದ್ದು ಮೊದಲು ಉಬುಂಟು ಭಂಡಾರದಾಗೇ ಹುಡುಕು.