22 ವರ್ಷ ಇದ್ದ ಮಸ್ಕತ್‌ಗೆ ಗೆಳೆಯರನ್ನು ನೋಡಲು ಹೋಗಬೇಕು, ಹೋಗಿ ಬಂದವರು ಅನುಭವ ಹೇಳಿ

ಕೋಡಿಬಾಗದವ, ಕಾರವಾರ
1996ರಿಂದ 2018ರವರೆಗೆ ಮಸ್ಕತ್‌ನ ರೂವಿಯಲ್ಲಿದ್ದೆ. ಎಸಿ ರಿಪೇರಿ ಕೆಲಸ. ಎಕ್ಸಿಟ್ ಆಗಿ ಬಂದ ಮೇಲೆ ಒಮ್ಮೆಯೂ ಹೋಗಿಲ್ಲ. ಮೂವರು ಗೆಳೆಯರು ಇನ್ನೂ ಅಲ್ಲೇ ಇದ್ದಾರೆ. ಒಬ್ಬ ತ್ರಿಶೂರಿನವ, ಒಬ್ಬ ಕರಾಚಿಯವ, ಒಬ್ಬರು ನಿಜ್ವಾದ ಒಮಾನಿ. ತ್ರಿಶೂರಿನವ ಬರುವ ವರ್ಷ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಡುತ್ತಾನೆ. ಅಷ್ಟರೊಳಗೆ ಹತ್ತು ದಿನ ಹೋಗಿ ಬರುವ ಆಸೆ. ಮನೆಯವಳು "ಸುಮ್ನೆ ದುಡ್ಡು ದಂಡ" ಅನ್ನುತ್ತಾಳೆ. ಗೆಳೆಯರ ರೂಮಿನಲ್ಲಿ ಉಳಿಯಲೋ, ಹೋಟೆಲ್ ಹಿಡಿಯಲೋ?

ಅಂಕೋಲಾ ಕಡೆಯವ
ಮಳೆಗಾಲದಲ್ಲಿ ಮಾತ್ರ ಹೊರಡಬೇಡಿ ಅಣ್ಣ. ಶಿರೂರು ಗುಡ್ಡ ಕುಸಿದದ್ದು 2024ರ ಜುಲೈ 16ಕ್ಕೆ. ನನಗೆ ಮಂಗಳೂರಿನಿಂದ ದುಬೈ ವಿಮಾನ 18ಕ್ಕೆ. ಹೆದ್ದಾರಿ 66 ಬಂದ್. ಗಾಡಿಯವನಿಗೆ ಕೊಟ್ಟ ಅಡ್ವಾನ್ಸ್ 2,500 ವಾಪಸ್ ಬರಲಿಲ್ಲ. ರೈಲಿನಲ್ಲಿ ಸುರತ್ಕಲ್‌ವರೆಗೆ ನಿಂತುಕೊಂಡೇ ಹೋದೆ. ಅಲ್ಲಿಂದ ಬಜ್ಪೆ ವಿಮಾನ ನಿಲ್ದಾಣಕ್ಕೆ ಆಟೋದವನು 650 ತೆಗೆದುಕೊಂಡ. ಪಕ್ಕದ ಊರಿನಲ್ಲಿ ಜನ ಮಣ್ಣಿನಡಿ ಇದ್ದರು, ನಾನು ಬ್ಯಾಗ್ ಹಿಡಿದು ಹೊರಟಿದ್ದೆ. ದಾರಿಯುದ್ದಕ್ಕೂ ಮನಸ್ಸು ಸರಿ ಇರಲಿಲ್ಲ.

ಉಳಿದದ್ದು ಕರಾಮಾದಲ್ಲಿ, ಗೆಳೆಯನ ರೂಮಿನಲ್ಲಿ. ಆರು ಜನರ ಬೆಡ್ ಸ್ಪೇಸ್, ಅಂದರೆ ಒಬ್ಬೊಬ್ಬರಿಗೆ ಒಂದು ಮಂಚದ ಜಾಗ ಮಾತ್ರ ಬಾಡಿಗೆಗೆ. ಎರಡು ಮಂಚದ ನಡುವೆ ನೆಲದ ಮೇಲೆ ಮಲಗಿದೆ. ಅವನು ಬೆಳಿಗ್ಗೆ ಆರಕ್ಕೆ ಹೋದರೆ ರಾತ್ರಿ ಒಂಬತ್ತೂವರೆಗೆ ಬರುತ್ತಿದ್ದ. ನಾವಿದ್ದಾಗ ರಜೆ ಶುಕ್ರವಾರ, ಅದೇ ಲೆಕ್ಕದಲ್ಲಿ ಟಿಕೆಟ್ ಮಾಡಿದ್ದೆ. ಅಲ್ಲಿ 2022ರಿಂದ ವಾರದ ರಜೆ ಶನಿವಾರ-ಭಾನುವಾರಕ್ಕೆ ಹೋಗಿದೆ. ಅವನಿಗೆ ಭಾನುವಾರ ಒಂದೇ. ನನ್ನ ವಾಪಸ್ ವಿಮಾನವೂ ಭಾನುವಾರವೇ! ರೂಮಿನ ಉಳಿದವರು ಐದನೇ ದಿನಕ್ಕೆ ಮುಖ ತಿರುಗಿಸಿದರು. ದೇರಾದಲ್ಲಿ ಹೋಟೆಲ್ ಹಿಡಿದೆ, ರಾತ್ರಿಗೆ 170 ದಿರಹಂ, ಮೂರು ರಾತ್ರಿ. ಎಲ್ಲ ಸೇರಿ 71,200 ರೂಪಾಯಿ ಹೋಯಿತು. ಗೆಳೆಯನ ಜೊತೆ ಕೂತು ಮಾತಾಡಿದ್ದು ಗಟ್ಟಿಯಾಗಿ ಎಂಟು ಗಂಟೆ. ಹೋಟೆಲ್ ಹಿಡಿಯಿರಿ.

ಭಟ್ಕಳದಿಂದ
ಗೆಳೆಯ ಇರುವಾಗ ಹೋಟೆಲ್ ಹಿಡಿದರೆ ಅವನ ಮುಖಕ್ಕೆ ಹೊಡೆದ ಹಾಗೆ. ನಮ್ಮ ಅಬ್ಬಾ 1979ರಿಂದ ದೇರಾದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಊರಿನಿಂದ ಬಂದವರು ಹೋಟೆಲಿಗೆ ಹೋದರೆ ಮಾತೇ ಬಿಡುತ್ತಿದ್ದರು. ಅಂಗಡಿ ಮುಚ್ಚಿ ಏಳು ವರ್ಷದ ಮೇಲೆ ನಾನು ಹೋದಾಗ ಅಬ್ಬಾನ ಗೆಳೆಯರ ಮಕ್ಕಳು ಒಂದು ಊಟವನ್ನೂ ಹೊರಗೆ ಮಾಡಲು ಬಿಡಲಿಲ್ಲ. ನನ್ನ ಕೈಯಿಂದ ಹೋದದ್ದು ಅಬ್ರಾ ದೋಣಿಯ ಒಂದು ದಿರಹಂ. ಅದನ್ನೂ ಜಗಳ ಮಾಡಿ ಕೊಟ್ಟೆ.

ಅಂಕೋಲಾ ಕಡೆಯವ
ಭಾಯ್, ನಿಮ್ಮದು ಫ್ಯಾಮಿಲಿ ಫ್ಲ್ಯಾಟ್, ಅಂಗಡಿ, ನೆಂಟರು. ಬೆಡ್ ಸ್ಪೇಸ್‌ನಲ್ಲಿರುವ ಬಡವನ ಗೆಳೆತನ ಬೇರೆ. ಅವನ ಮುಖಕ್ಕೆ ಯಾರು ಹೊಡೆದರು? ಅವನ ಮೇಲೆ ಭಾರ ಹಾಕಬಾರದು ಅಂತ ಹೊರಗೆ ಹೋದೆ.

ಶಿರಸಿಯಿಂದ, ಒಬ್ಬ ಅಕ್ಕ
ಉಳಿಯುವ ವಿಷಯ ಆಮೇಲೆ, ವೀಸಾ ನೋಡಿಕೊಳ್ಳಿ ತಮ್ಮಾ. ಒಮಾನ್‌ಗೆ ಹತ್ತು ದಿನದ್ದು 5 ರಿಯಾಲ್, ಮೂವತ್ತು ದಿನದ್ದು 20 ರಿಯಾಲ್. ನಾವು 2023ರಲ್ಲಿ ಉಳಿತಾಯ ಅಂತ ಹತ್ತು ದಿನದ್ದು ಮಾಡಿಸಿದೆವು. ಒಮಾನ್‌ನದೇ ಊರು ಸಲಾಲಾದಲ್ಲಿ ವಿಮಾನ ತಡವಾಗಿ ಹನ್ನೊಂದನೇ ದಿನ ಆಯಿತು. ದಿನಕ್ಕೆ ತಲೆಗೆ 10 ರಿಯಾಲ್ ದಂಡ. ಇಬ್ಬರಿಗೆ 20 ರಿಯಾಲ್, ನಮ್ಮ ನಾಲ್ಕು ಸಾವಿರದ ಮೇಲೆ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಸಲಾಲಾದಲ್ಲಿ ನಾವು ಒಂಬತ್ತು ವರ್ಷ ಇದ್ದೆವು. ಖರೀಫ್‌ನಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್, ಗುಡ್ಡವೆಲ್ಲ ಹಸಿರು, ಮಂಜು, ಜಿಟಿ ಜಿಟಿ ಮಳೆ. ರಸ್ತೆ ಬದಿಗೆ ಎಳನೀರು, ಬಾಳೆಗೊನೆ. ಶಿರಸಿ ಬಿಟ್ಟು ಬಂದ ನೋವು ನಾನು ಅಲ್ಲಿ ಮರೆತದ್ದು. ಆದರೆ ಆಗಲೇ ಗಲ್ಫಿನವರೆಲ್ಲ ಅಲ್ಲಿಗೆ ಬರುತ್ತಾರೆ, ರೂಮಿನ ಬಾಡಿಗೆ ಮೂರು ಪಟ್ಟು.

ಇನ್ನು ಸಾಮಾನು. ಗೆಳತಿಗೆ ಅಂತ ನಾಲ್ಕು ಕಿಲೋ ಒಣಕೊಬ್ಬರಿ ಒಯ್ದಿದ್ದೆ. ವಿಮಾನ ನಿಲ್ದಾಣದಲ್ಲಿ ಎಲ್ಲ ತೆಗೆಸಿದರು. ಎಣ್ಣೆ ಇರುವ ಪದಾರ್ಥ, ತಾನಾಗಿ ಬೆಂಕಿ ಹತ್ತಬಹುದಂತೆ. ನಮ್ಮ ತೋಟದ ಕೊಬ್ಬರಿ, ಕಸದ ಡಬ್ಬಕ್ಕೆ! ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಒಡೆದು ಎರಡು ರೇಷ್ಮೆ ಸೀರೆ ಹಾಳಾದವು. ಗಸಗಸೆ ಮಾತ್ರ ಒಯ್ಯಲೇಬೇಡಿ, ಉಂಡೆಯ ಮೇಲೆ ಅಂಟಿದ್ದೂ ಬೇಡ. ದುಬೈ ಕಡೆ ಅದಕ್ಕೆ ಜೈಲೇ.

ಕುಮಟಾದವ
ಇಷ್ಟೆಲ್ಲ ಯಾಕೆ? ತ್ರಿಶೂರಿನವ ಊರಿಗೇ ಬರುತ್ತಾನಲ್ಲ. ಕಾರವಾರದಲ್ಲಿ ನೇತ್ರಾವತಿ ರೈಲು ಹತ್ತಿದರೆ ಸೀದಾ ತ್ರಿಶೂರು. ನಾನು ಬಹ್ರೇನ್ ಗೆಳೆಯರನ್ನು ಹಾಗೇ ಪಾಲಕ್ಕಾಡ್, ಕಣ್ಣೂರಿನಲ್ಲಿ ನೋಡಿ ಬಂದೆ. ಸ್ಲೀಪರ್‌ನಲ್ಲಿ ಹೋಗಿ ಬಂದು ಎರಡು ಸಾವಿರದೊಳಗೆ ಮುಗಿಯಿತು. ಆ ಮರಳುಗಾಡು ನಮ್ಮ ದೇಶವಾ? ಕೆಲಸ ಮುಗಿದ ದಿನ ಒಂದು ಚಹಾಕ್ಕೂ ಕೇಳಲಿಲ್ಲ ನನ್ನನ್ನು.

ಭಟ್ಕಳದಿಂದ
ಕರಾಚಿಯವನನ್ನು ಯಾವ ರೈಲಿನಲ್ಲಿ ನೋಡುವುದು? ಅವನು ಇಲ್ಲಿಗೆ ಬರುವಂತಿಲ್ಲ, ಇವರು ಅಲ್ಲಿಗೆ ಹೋಗುವಂತಿಲ್ಲ. ಇಬ್ಬರೂ ಒಂದು ಮೇಜಿಗೆ ಕೂತು ಊಟ ಮಾಡಬೇಕಾದರೆ ಗಲ್ಫೇ ಗತಿ. ಅವನೂ ಒಂದು ದಿನ ಕ್ಯಾನ್ಸಲ್ ಮಾಡುತ್ತಾನೆ. ಆಮೇಲೆ ಫೋನ್ ಒಂದೇ.

ಕುಮಟಾದವ
ಎಲ್ಲದಕ್ಕೂ ಪಾಕಿಸ್ತಾನ ತರಬೇಡಿ.

ಭಟ್ಕಳದಿಂದ
ನಾನು ತಂದದ್ದಾ? ಮೇಲೆ ಅವರೇ ಬರೆದಿದ್ದಾರೆ, ಓದಿ.

ಹೊನ್ನಾವರದ ಹಳಬ
ಜಗಳ ಬಿಡಿ. 1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಕುವೈತ್‌ಗೆ ನುಗ್ಗಿದಾಗ ನಾನು ಸಾಲ್ಮಿಯಾದಲ್ಲಿ ಅಡಿಗೆ ಕೆಲಸದಲ್ಲಿದ್ದೆ. ನಾಲ್ಕು ತಿಂಗಳ ಸಂಬಳ ಬಾಕಿ. ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಟೆಂಟ್‌ನಲ್ಲಿ ಹನ್ನೊಂದು ದಿನ. ಅಮ್ಮಾನ್‌ನಿಂದ ಏರ್ ಇಂಡಿಯಾ ಬೊಂಬಾಯಿಗೆ ತಂದು ಬಿಟ್ಟಿತು. ಕಿಸೆಯಲ್ಲಿ 310 ದಿನಾರ್ ಇತ್ತು, ಬೊಂಬಾಯಿಯಲ್ಲಿ ಯಾರೂ ಮುಟ್ಟಲಿಲ್ಲ.

ಹೊರಡುವ ಮುಂಚೆ ದಾರಿಗೆ ಅಂತ ಒಂದು ಚೀಲ ಖುಬ್ಬುಸ್ ರೊಟ್ಟಿ ಕೊಟ್ಟವನು ಬೇಕರಿಯ ಪ್ಯಾಲೆಸ್ಟೀನಿ ಗೆಳೆಯ. ಅವನಿಗೆ ಕಾಸೂ ಕೊಟ್ಟಿರಲಿಲ್ಲ. 2005ರಲ್ಲಿ ಮಗ ಕರೆಸಿಕೊಂಡಾಗ ಮೊದಲು ಆ ಬೇಕರಿ ಹುಡುಕಿದೆ. ಮೊಬೈಲ್ ಅಂಗಡಿ ಆಗಿತ್ತು. ಯುದ್ಧ ಮುಗಿದ ಮೇಲೆ ಪ್ಯಾಲೆಸ್ಟೀನಿಗಳಲ್ಲಿ ಹೆಚ್ಚಿನವರು ಕುವೈತ್ ಬಿಡಬೇಕಾಯಿತು. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ. ನಿಮಗೆ ಮೂವರು ಇದ್ದಾರೆ, ನಂಬರ್ ಇದೆ. ಹೊರಡಿ.

ಶಿರಸಿಯಿಂದ, ಒಬ್ಬ ಅಕ್ಕ
ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆಗಿದ್ದರೆ ನಮಗೆಲ್ಲ ಗೋವಾ, ಮಂಗಳೂರು ಅಂತ ಅಲೆಯುವುದು ತಪ್ಪುತ್ತಿತ್ತು.

ಅಂಕೋಲಾ ಕಡೆಯವ
ಅಕ್ಕಾ, ನಿಮಗೆ ಹತ್ತಿರ ಆಗಲಿಕ್ಕೆ ನಾವು ಇನ್ನೆಷ್ಟು ಜಾಗ ಬಿಡಬೇಕು? ಸೀಬರ್ಡ್ ನೌಕಾನೆಲೆಗೆ ಬಿಟ್ಟದ್ದು ಸಾಲದಾ? ನಮ್ಮ ಅಪ್ಪ ಪರಿಹಾರಕ್ಕೆ ಅಲೆದು ಅಲೆದು ಸತ್ತರು. ಕೊಬ್ಬರಿ ಹೋದದ್ದಕ್ಕೆ ನೀವು ಅಳುತ್ತೀರಿ.

ಶಿರಸಿಯಿಂದ, ಒಬ್ಬ ಅಕ್ಕ
ನಿಮ್ಮ ಅಪ್ಪನ ವಿಷಯ ನನಗೆ ಗೊತ್ತಿರಲಿಲ್ಲ. ತಪ್ಪು ತಿಳಿಯಬೇಡಿ.

ಕೋಡಿಬಾಗದವ, ಕಾರವಾರ
ಮೂವತ್ತು ದಿನದ ವೀಸಾವೇ ಮಾಡಿಸುತ್ತೇನೆ ಅಕ್ಕಾ. ಹೊನ್ನಾವರದವರು ಬರೆದದ್ದನ್ನು ಮನೆಯವಳಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸಂಜೆ ಮೀನು ಮಾರ್ಕೆಟ್‌ನಿಂದ ಎರಡು ಕಿಲೋ ಒಣ ಸಿಗಡಿ ತಂದಿಟ್ಟಿದ್ದಾಳೆ. ಕರಾಚಿಯವನಿಗೆ ಅದರ ಚಟ್ನಿ ಅಂದರೆ ಪ್ರಾಣ, ಅವಳಿಗೆ ನೆನಪಿದೆ. ವಿಮಾನದಲ್ಲಿ ಅದನ್ನು ಬಿಡುತ್ತಾರಾ? ಒಯ್ದವರು ಯಾರಾದರೂ ಇದ್ದರೆ ಹೇಳಿ.

ಹೊನ್ನಾವರದ ಹಳಬ
ಹುರಿದು ಪುಡಿ ಮಾಡಿಸಿ. ಮೂರು ಪ್ಲಾಸ್ಟಿಕ್ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ, ದೊಡ್ಡ ಬ್ಯಾಗ್‌ನಲ್ಲಿಡಿ. ಮಗನಿಗೆ ನಾನು ಹಾಗೇ ಒಯ್ದದ್ದು.