ಮಗನಿಗೆ ಏರ್‌ಕ್ರಾಫ್ಟ್ ಮೆಕ್ಯಾನಿಕ್ ಆಗುವಾಸೆ, ಆದರೆ ಗಾಂಜಾ ಕೇಸೊಂದಿದೆ: ಅಮೆರಿಕದಲ್ಲಿ ಸರ್ಟಿಫಿಕೇಟ್ ಸಿಗುತ್ತದೆಯೇ?

ಸಿಗುತ್ತದೆ. ಒಂದು ಕೇಸಿನಿಂದ ದಾರಿ ಜೀವನಪೂರ್ತಿ ಮುಚ್ಚುವುದಿಲ್ಲ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ನಿಯಮ 65.12ರ ಪ್ರಕಾರ ಡ್ರಗ್ಸ್ ಬೆಳೆದ, ಮಾರಿದ, ಸಾಗಿಸಿದ ಅಥವಾ ಇಟ್ಟುಕೊಂಡ ಅಪರಾಧದಲ್ಲಿ ಕೋರ್ಟು ದೋಷಿ ಎಂದಿದ್ದರೆ, ಅಂತಿಮ ತೀರ್ಪಿನ ದಿನದಿಂದ 1 ವರ್ಷದವರೆಗೆ ಅರ್ಜಿಯನ್ನು ನಿರಾಕರಿಸಬಹುದು. ಬರೀ ಅರೆಸ್ಟ್ ಆಗಿದ್ದರೆ ಈ ಮಾತು ಬರುವುದಿಲ್ಲ. ಸರ್ಟಿಫಿಕೇಟ್ ಈಗಾಗಲೇ ಕೈಯಲ್ಲಿದ್ದರೆ ಪೆಟ್ಟು ಜೋರು, ಅದನ್ನು ಅಮಾನತು ಮಾಡಬಹುದು, ರದ್ದೂ ಮಾಡಬಹುದು.

ಎ ಅಂಡ್ ಪಿ, ಅಂದರೆ ವಿಮಾನದ ಒಡಲು (ಏರ್‌ಫ್ರೇಮ್) ಮತ್ತು ಎಂಜಿನ್ (ಪವರ್‌ಪ್ಲಾಂಟ್), ಎರಡೂ ರೇಟಿಂಗ್‌ಗೆ ಮಾನ್ಯತೆ ಪಡೆದ ಶಾಲೆಯ ಕೋರ್ಸ್ ಮುಗಿಸಬೇಕು, ಇಲ್ಲವೇ 30 ತಿಂಗಳ ಕೆಲಸದ ಅನುಭವ ತೋರಿಸಬೇಕು. ಹಾಗಾಗಿ ಓದಿಗೆ ಸೇರುವ ಮೊದಲೇ ತೀರ್ಪು ಬಂದಿದ್ದರೆ ಅರ್ಜಿ ಹಾಕುವಷ್ಟರಲ್ಲಿ ಆ ಒಂದು ವರ್ಷ ಸಾಮಾನ್ಯವಾಗಿ ಕಳೆದಿರುತ್ತದೆ.

ಮಕ್ಕಳು ಎಡವುವುದು ಅರ್ಜಿಯಲ್ಲಿ. ಫಾರ್ಮ್ 8610-2ರಲ್ಲಿ ಡ್ರಗ್ ಕೇಸಿನಲ್ಲಿ ದೋಷಿಯಾಗಿದ್ದೀರಾ ಎಂಬ ಪ್ರಶ್ನೆ ಇದೆ. ಹೌದಾದರೆ ಅಂತಿಮ ತೀರ್ಪಿನ ದಿನಾಂಕ ಬರೆಯಬೇಕು. ಮುಚ್ಚಿಟ್ಟರೆ ನಿಯಮ 65.20ರಡಿ ಸುಳ್ಳು ಹೇಳಿಕೆಯಾಗುತ್ತದೆ. ಅದಕ್ಕೆ ಒಂದು ವರ್ಷದ ಮಿತಿ ಇಲ್ಲ, ವರ್ಷಗಳ ನಂತರ ಸಿಕ್ಕಿಬಿದ್ದರೂ ಸರ್ಟಿಫಿಕೇಟ್ ಹೋಗಬಹುದು. ದಯವಿಟ್ಟು "ಯಾರಿಗೆ ಗೊತ್ತಾಗುತ್ತೆ ಬಿಡು" ಎಂದು ಮಗುವಿಗೆ ಹೇಳಿಕೊಡಬೇಡಿ. ಕೋರ್ಟಿನಿಂದ ತೀರ್ಪಿನ ದೃಢೀಕೃತ ಪ್ರತಿ ತರಿಸಿ, ಅದರಲ್ಲಿರುವ ದಿನಾಂಕವನ್ನೇ ಬರೆಯಲಿ.

ಸರ್ಟಿಫಿಕೇಟ್ ಸಿಕ್ಕಮೇಲೂ ಕೆಲಸದ ಬಾಗಿಲಲ್ಲಿ ಇನ್ನೆರಡು ತಡೆಗಳಿವೆ. ಒಂದು ಡ್ರಗ್ ಟೆಸ್ಟ್. ಏರ್‌ಲೈನ್ ಮತ್ತು ಅವುಗಳ ರಿಪೇರಿ ಕೆಲಸಕ್ಕೆ ಸೇರುವ ಮುಂಚೆ ಒಮ್ಮೆ, ಆಮೇಲೆ ಮುನ್ಸೂಚನೆಯಿಲ್ಲದೆ ಯಾವಾಗ ಬೇಕಾದರೂ. ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಗಾಂಜಾ ಕಾನೂನುಬದ್ಧ ಎಂಬ ವಾದ ಇಲ್ಲಿ ನಡೆಯದು; ಇದು ಫೆಡರಲ್ ಟೆಸ್ಟ್. ಅಂಗಡಿಯಲ್ಲಿ ಸಿಗುವ ಸಿಬಿಡಿ ಎಣ್ಣೆಯಿಂದ (ಗಾಂಜಾ ಜಾತಿಯ ಗಿಡದಿಂದ ತೆಗೆದದ್ದು) ಪಾಸಿಟಿವ್ ಬಂದರೂ ನೆಪ ಒಪ್ಪುವುದಿಲ್ಲ. ಫಲಿತಾಂಶ ತಪ್ಪೆನಿಸಿದರೆ 72 ಗಂಟೆಯೊಳಗೆ ಅದೇ ಸಲ ತೆಗೆದಿಟ್ಟ ಎರಡನೇ ಸ್ಯಾಂಪಲ್‌ನ ಪರೀಕ್ಷೆ ಕೇಳಬೇಕು. ಟೆಸ್ಟ್ ನಿರಾಕರಿಸಿದರೂ ಸರ್ಟಿಫಿಕೇಟಿಗೆ ಕುತ್ತು. ಎರಡು ಸಲ ಪಾಸಿಟಿವ್ ಬಂದರೆ ಅದೇ ಕೆಲಸಕ್ಕೆ ಶಾಶ್ವತ ನಿಷೇಧ.

ಇನ್ನೊಂದು ಸಿಡಾ ಬ್ಯಾಡ್ಜ್, ಅಂದರೆ ವಿಮಾನ ನಿಲ್ದಾಣದ ಭದ್ರತಾ ವಲಯದೊಳಗೆ ಓಡಾಡಲು ಬೇಕಾದ ಗುರುತಿನ ಚೀಟಿ. ಬೆರಳಚ್ಚು ಕೊಟ್ಟಾಗ ಹಿಂದಿನ 10 ವರ್ಷ ನೋಡುತ್ತಾರೆ. ಡ್ರಗ್ಸ್ ಮಾರಾಟ, ಅಥವಾ 1 ವರ್ಷಕ್ಕಿಂತ ಹೆಚ್ಚು ಶಿಕ್ಷೆ ಸಾಧ್ಯವಿರುವ ಡ್ರಗ್ಸ್ ಇಟ್ಟುಕೊಂಡ ಫೆಲನಿ ದರ್ಜೆಯ (ಗಂಭೀರ) ಅಪರಾಧವಿದ್ದರೆ ಬ್ಯಾಡ್ಜ್ ಇಲ್ಲ. ಎಫ್‌ಎಎ ಒಂದೇ ವರ್ಷ ಕಾಯಿಸಿದರೂ ದೊಡ್ಡ ನಿಲ್ದಾಣದ ರಾಂಪ್ (ವಿಮಾನ ನಿಲ್ಲುವ ಜಾಗ) ಕೆಲಸ ಹತ್ತು ವರ್ಷ ದೂರ ಉಳಿಯುವುದು ಇದರಿಂದಲೇ. ಬ್ಯಾಡ್ಜ್ ಬೇಡದ ಸಣ್ಣ ವಿಮಾನಗಳ ಶಾಪ್‌ಗಳಲ್ಲಿ ಅಷ್ಟರವರೆಗೆ ಅನುಭವ ಗಳಿಸಬಹುದು.

ಅಮೆರಿಕದಲ್ಲಿರುವ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ. ಮಗ ಇನ್ನೂ ಸಿಟಿಜನ್ ಆಗಿರದೆ ಗ್ರೀನ್ ಕಾರ್ಡ್ ಅಥವಾ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬದ ವೀಸಾ)ನಲ್ಲಿದ್ದರೆ, ಸ್ವಂತ ಬಳಕೆಗೆ 30 ಗ್ರಾಂವರೆಗಿನ ಗಾಂಜಾ ಇಟ್ಟುಕೊಂಡ ಒಂದೇ ಒಂದು ಅಪರಾಧ ಬಿಟ್ಟು ಉಳಿದ ಡ್ರಗ್ ಅಪರಾಧಗಳು ಗಡೀಪಾರಿಗೆ ಕಾರಣವಾಗುತ್ತವೆ. ಆ ಒಂದು ಅಪರಾಧವೂ ವಿದೇಶಕ್ಕೆ ಹೋಗಿ ಮರಳುವಾಗ ತೊಡಕು ತರಬಹುದು. ತಪ್ಪೊಪ್ಪಿಕೊಂಡು ಕ್ಲಾಸ್ ಮುಗಿಸಿದರೆ ಕೇಸ್ ವಜಾ ಎಂಬ ಒಪ್ಪಂದವನ್ನೂ ಇಮಿಗ್ರೇಶನ್ ಕಾನೂನು ದೋಷಿ ಎಂದೇ ಎಣಿಸಬಲ್ಲದು. ಆದ್ದರಿಂದ ಯಾವ ಕಾಗದಕ್ಕೂ ಸಹಿ ಹಾಕುವ ಮುಂಚೆ ಕ್ರಿಮಿನಲ್ ವಕೀಲರ ಜೊತೆಗೆ ಇಮಿಗ್ರೇಶನ್ ವಕೀಲರಿಗೂ ತೋರಿಸಿ.