ಬ್ರೌಸರ್‌ನಲ್ಲಿರುವುದು ‘ದುರ್ಬಲತೆ’ಯೋ ‘ಕಂಡಿ’ಯೋ?

ಎಲ್ಲರಿಗೂ ನಮಸ್ಕಾರ.

ನಮ್ಮೂರ ಗ್ರಂಥಾಲಯದಲ್ಲಿ ನಾಲ್ಕು ಕಂಪ್ಯೂಟರ್ ಇವೆ. ಪಕ್ಕದ ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆದುಕೊಡಿ ಅಂತ ಕೇಳಿದರು. ಬ್ರೌಸರನ್ನು ಯಾಕೆ ಅಪ್‌ಡೇಟ್ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಅಷ್ಟೇ. ಅರ್ಧ ಗಂಟೆ ಕೆಲಸ ಅಂದುಕೊಂಡು ಕೂತೆ. ಮೂರು ದಿನ ಆಯಿತು, ಎರಡನೇ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ.

ಮೊದಲು ಬರೆದದ್ದು ಹೀಗೆ: ‘ಬ್ರೌಸರ್‌ನಲ್ಲಿ ಭದ್ರತಾ ದುರ್ಬಲತೆಗಳು ಇರುವುದರಿಂದ ಕಾಲಕಾಲಕ್ಕೆ ನವೀಕರಿಸಿ.’ ಅಲ್ಲೇ ಪೇಪರ್ ಓದುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ‘ಅಲ್ಲಪ್ಪಾ, ದುರ್ಬಲ ಅಂದ್ರೆ ಕಂಪ್ಯೂಟರ್ ಹಳೇದಾಯ್ತು ಅಂತಲಾ? ನವೀಕರಣಕ್ಕೆ ಎಷ್ಟು ಕಟ್ಟಬೇಕು?’ ಅಂದರು.

ಅವರದೇನೂ ತಪ್ಪಿಲ್ಲ. ಲೈಸೆನ್ಸ್ ನವೀಕರಣ, ವಿಮೆ ನವೀಕರಣ. ನವೀಕರಣ ಅಂದಲ್ಲೆಲ್ಲ ಹಿಂದೆಯೇ ಒಂದು ರಸೀದಿ ಇರುತ್ತದೆ. ಆ ಪದವನ್ನು ಅಲ್ಲೇ ಕೈಬಿಟ್ಟೆ. ‘ಅಪ್‌ಡೇಟ್’ ಎಲ್ಲರ ಬಾಯಲ್ಲೂ ಇದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ತೊಂದರೆ ಇರುವುದು ‘ದುರ್ಬಲತೆ’ಯಲ್ಲಿ. ಕಳ್ಳ ಒಳನುಗ್ಗಲು ದಾರಿಯಾಗುವಂಥ ತಪ್ಪಿಗೆ ಇಂಗ್ಲಿಷಿನವರು ‘ವಲ್ನರಬಿಲಿಟಿ’ ಅನ್ನುತ್ತಾರಲ್ಲ, ಅದಕ್ಕೆ ನಾನು ಬರೆದ ಪದ ಅದು.

ಪದಗಳನ್ನು ಒರೆಗೆ ಹಚ್ಚಲು ಒಂದು ನಿಜವಾದ ಪ್ರಸಂಗ ಹಿಡಿದುಕೊಂಡೆ. 2023ರ ಸೆಪ್ಟೆಂಬರ್. ವೆಬ್‌ಪಿ ಅನ್ನುವ ಬಗೆಯ ಚಿತ್ರಗಳಿವೆಯಲ್ಲ, ಅವನ್ನು ಬಿಚ್ಚಿ ತೋರಿಸುವ ಲಿಬ್‌ವೆಬ್‌ಪಿ ಎಂಬ ಕೋಡ್ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರೂ ಬ್ರೌಸರ್‌ಗಳಲ್ಲಿ ಇದೆ. ಚಿತ್ರ ಬಿಚ್ಚುವಾಗ ಅದು ಒಳಗೊಳಗೇ ಒಂದು ಪಟ್ಟಿ ಮಾಡಿಕೊಳ್ಳುತ್ತದೆ. ಆ ಪಟ್ಟಿಗೆ ಇಷ್ಟು ಜಾಗ ಸಾಕು ಅಂತ ಬರೆದವರು ಲೆಕ್ಕ ಹಾಕಿದ್ದರು. ಬೇಕೆಂದೇ ಕೆಡಿಸಿದ ಚಿತ್ರ ಬಂದರೆ ಪಟ್ಟಿ ತನ್ನ ಜಾಗ ಮೀರಿ ಪಕ್ಕದ ಮೆಮೊರಿಯ ಮೇಲೂ ಬರೆದುಬಿಡುತ್ತಿತ್ತು. ಕಳ್ಳನಿಗೆ ಒಳನುಗ್ಗಲು ಅದೇ ದಾರಿ. ಅಂಥ ಚಿತ್ರ ಇರುವ ಪುಟ ತೆರೆದರೆ ಸಾಕು, ಬೇರೇನೂ ಒತ್ತಬೇಕಿಲ್ಲ. ಆಪಲ್‌ನ ಭದ್ರತಾ ತಂಡ ಮತ್ತು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಇದನ್ನು ಸೆಪ್ಟೆಂಬರ್ 6ರಂದು ಗೂಗಲ್‌ಗೆ ತಿಳಿಸಿದವು. 11ಕ್ಕೆ ಕ್ರೋಮ್‌ಗೆ ಅಪ್‌ಡೇಟ್ ಬಂತು, ಮರುದಿನ ಫೈರ್‌ಫಾಕ್ಸ್‌ಗೆ. ಇಂಥ ತಪ್ಪುಗಳನ್ನು ಗುರುತಿಸಲು ಇಟ್ಟಿರುವ ಸಿವಿಇ ಎಂಬ ಪಟ್ಟಿಯಲ್ಲಿ ಇದರ ನಂಬರ್ ಸಿವಿಇ-2023-4863.

ಈಗ ಹೇಳಿ, ಇದನ್ನು ಏನಂತ ಕರೆಯೋಣ? ‘ದುರ್ಬಲತೆ’ ಅಲ್ಲ. ಆ ಕೋಡ್ ಗಟ್ಟಿಯಾಗಿಯೇ ಇತ್ತು, ಒಂದು ಕಡೆ ಮಾತ್ರ ತೆರೆದುಕೊಂಡಿತ್ತು. ‘ದೋಷ’ ಅಂದರೆ ತೀರಾ ಅಗಲವಾಯಿತು. ಪರದೆಯ ಮೇಲೆ ಬಟನ್‌ನ ಬಣ್ಣ ತಪ್ಪಾಗಿ ಬಂದರೂ ದೋಷವೇ. ಜೊತೆಗೆ ಶನಿದೋಷ, ಸರ್ಪದೋಷ ಬೇರೆ ಇವೆ, ಶಾಂತಿ ಮಾಡಿಸಿ ಅಂದಾರು. ‘ಭದ್ರತಾ ಲೋಪ’ ಪತ್ರಿಕೆಯಲ್ಲಿ ಬಂದರೆ ಮಂತ್ರಿಗಳ ಕಾರಿಗೆ ಯಾರೋ ಅಡ್ಡ ಬಂದರು ಅಂತಲೇ ಅರ್ಥ. ‘ಬಿರುಕು’ ಪರವಾಗಿಲ್ಲ, ಆದರೆ ಬಿರುಕು ಕಾಲ ಕಳೆದಂತೆ ಬೀಳುವಂಥದ್ದು. ಇದು ಹಾಗಲ್ಲ, ಆ ಸಾಲು ಬರೆದ ದಿನದಿಂದಲೂ ಇದ್ದದ್ದು, ಕಣ್ಣಿಗೆ ಬಿದ್ದದ್ದು ಮಾತ್ರ ತಡವಾಗಿ. ‘ಕಿಂಡಿ’ ನಾವೇ ಬೇಕೂಂತ ಇಟ್ಟುಕೊಂಡದ್ದು. ಕಿಂಡಿ ಅಣೆಕಟ್ಟಿನಲ್ಲಿ ಮಳೆಗಾಲ ಮುಗಿದ ಮೇಲೆ ಹಲಗೆ ಹಾಕಿ ಮುಚ್ಚುತ್ತೇವಲ್ಲ, ಹಾಗೆ.

ಉಳಿದದ್ದು ‘ಕಂಡಿ’. ಬೇಲಿಯಲ್ಲೋ ಗೋಡೆಯಲ್ಲೋ ಇರಬಾರದ ಜಾಗದಲ್ಲಿ ಇರುವ ಸಂದು. ಮುಳ್ಳು ಕಟ್ಟುವಾಗ ಎಲ್ಲೋ ಒಂದು ಮೊಳ ಬಿಟ್ಟುಹೋಗಿರುತ್ತದೆ. ಕಟ್ಟಿದವನಿಗೆ ಗೊತ್ತಿರುವುದಿಲ್ಲ, ಎಮ್ಮೆಗೆ ಗೊತ್ತಿರುತ್ತದೆ. ತೆಲುಗಿನಲ್ಲೂ ಕೆರೆ ಏರಿ ಒಡೆದರೆ ‘ಗಂಡಿ’ ಬಿತ್ತು ಅನ್ನುತ್ತಾರೆ. ಗಾತ್ರ ಎಷ್ಟೇ ಇರಲಿ, ಕಂಡಿ ಅಂದ ತಕ್ಷಣ ‘ಮುಚ್ಚು’ ಅನ್ನುವ ಕ್ರಿಯಾಪದ ತಾನಾಗಿ ಹಿಂದೆ ಬರುತ್ತದೆ. ನನಗೆ ಹಿಡಿಸಿದ್ದು ಅದೇ.

ಅದರ ಜೊತೆಗೆ ಇನ್ನೊಂದು ಪದವೂ ಕೂಡಿಕೊಳ್ಳುತ್ತದೆ, ‘ಕನ್ನ’. ಬ್ಯಾಂಕ್ ಖಾತೆಗೆ ಕನ್ನ ಹಾಕಿದರು ಅಂತ ಪತ್ರಿಕೆಯವರು ಆಗಲೇ ಬರೆಯುತ್ತಿದ್ದಾರೆ. ಇಂಗ್ಲಿಷಿನವರು ‘ಎಕ್ಸ್‌ಪ್ಲಾಯ್ಟ್’ ಅನ್ನುವುದಕ್ಕೆ ಇದು ಸಾಕು. ಕಂಡಿ ಕಟ್ಟಿದವನು ಬಿಟ್ಟದ್ದು, ಕನ್ನ ಕಳ್ಳ ಹಾಕಿದ್ದು. ಕಂಡಿ ಇದ್ದಲ್ಲೆಲ್ಲ ಕನ್ನ ಬೀಳಬೇಕೆಂದೇನಿಲ್ಲ. ಈ ವ್ಯತ್ಯಾಸ ಸುದ್ದಿಗಳಲ್ಲಿ ಪೂರ್ತಿ ಕಲಸಿಹೋಗಿರುತ್ತದೆ.

ಕಂಡಿ ಮುಚ್ಚಲು ಕಳಿಸುವ ತಿದ್ದುಪಡಿಗೆ ಇಂಗ್ಲಿಷಿನಲ್ಲಿ ‘ಪ್ಯಾಚ್’ ಅನ್ನುತ್ತಾರೆ, ಅದಕ್ಕೆ ‘ತೇಪೆ’ ಅಂತ ಕೆಲವರು ಬರೆಯುತ್ತಾರೆ. ಪದ ಸರಿಯೇ. ಇಂಗ್ಲಿಷಿನಲ್ಲೂ ಅದು ತೇಪೆಯೇ ಆಗಿತ್ತು. 1940ರ ದಶಕದ ಹಾರ್ವರ್ಡ್ ಮಾರ್ಕ್ 1 ಯಂತ್ರಕ್ಕೆ ಆದೇಶ ಕೊಡುತ್ತಿದ್ದದ್ದು ತೂತು ಕೊರೆದ ಕಾಗದದ ಪಟ್ಟಿಯಲ್ಲಿ. ತಪ್ಪು ತೂತಿನ ಮೇಲೆ ತುಂಡು ಅಂಟಿಸಿ ಸರಿಮಾಡುತ್ತಿದ್ದರು. ಆದರೆ ನಮ್ಮಲ್ಲಿ ‘ತೇಪೆ ಹಚ್ಚುವ ಕೆಲಸ’ ಅಂದರೆ ಬೈಗುಳ. ಅದನ್ನು ಓದಿದವರು ಅಪ್‌ಡೇಟ್ ಮಾಡುವುದನ್ನೇ ಬಿಟ್ಟಾರು. ಇಲ್ಲಿ ಹೆಸರು ಹುಡುಕುವುದೇ ಬೇಡ, ‘ಕಂಡಿ ಮುಚ್ಚುವ ಅಪ್‌ಡೇಟ್’ ಅಂದರೆ ಆಯಿತು ಅನ್ನಿಸುತ್ತದೆ.

ಇನ್ನೂ ಒಂದು ಕಾರಣಕ್ಕೆ ‘ಮುಚ್ಚು’ ಒಳ್ಳೆಯದು. ಕ್ರೋಮ್‌ನ ಮೂಲ ಕೋಡ್ ಬಹುಮಟ್ಟಿಗೆ ಎಲ್ಲರಿಗೂ ತೆರೆದೇ ಇದೆ. ಹೊಸದಾಗಿ ಮುಚ್ಚಿದ ಜಾಗ ನೋಡಿಯೇ ಕಂಡಿ ಎಲ್ಲಿತ್ತು ಅಂತ ಕಳ್ಳನಿಗೆ ತಿಳಿಯುತ್ತದೆ. ಆಮೇಲೆ ಅವನು ಹುಡುಕುವುದು ಇನ್ನೂ ಮುಚ್ಚಿಕೊಳ್ಳದವರನ್ನು. ಅದಕ್ಕೇ 2023ರ ಆಗಸ್ಟ್‌ನಿಂದ ಕ್ರೋಮ್‌ಗೆ ವಾರಕ್ಕೊಂದು ಭದ್ರತಾ ಅಪ್‌ಡೇಟ್ ಬರುತ್ತಿದೆ. ಅದು ತಾನೇ ಇಳಿದುಕೊಂಡರೂ ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯುವ ತನಕ ಕೆಲಸಕ್ಕೆ ಬರುವುದಿಲ್ಲ. ಗ್ರಂಥಾಲಯದ ಎರಡನೇ ಕಂಪ್ಯೂಟರ್‌ನಲ್ಲಿ ಯಾರೋ ಪರೀಕ್ಷೆ ಫಲಿತಾಂಶದ ಪುಟ ತೆರೆದಿಟ್ಟು ಎಷ್ಟು ದಿನ ಆಗಿದೆಯೋ, ಹಾಗೇ ಇದೆ.

ಈಗ ನನ್ನ ಪ್ರಶ್ನೆಗಳು. ‘ಕಂಡಿ’ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಅಥವಾ ‘ಕಿಂಡಿ’ ತಪ್ಪಾಗಿ ಅಚ್ಚಾಗಿದೆ ಅಂದುಕೊಳ್ಳುತ್ತಾರೆಯೇ? ಎರಡನೆಯದು ‘ಜೀರೋ ಡೇ’. ಕಟ್ಟಿದವನಿಗೆ ಗೊತ್ತಾಗುವ ಮೊದಲೇ ಕಳ್ಳ ಬಳಸುತ್ತಿರುವ ಕಂಡಿ, ಮುಚ್ಚಲು ಸಿಕ್ಕ ದಿನ ಸೊನ್ನೆ. ಮೇಲೆ ಹೇಳಿದ ಲಿಬ್‌ವೆಬ್‌ಪಿಯದೂ ಅದೇ ಜಾತಿ. ‘ಶೂನ್ಯ ದಿನ ದಾಳಿ’ ಅಂತ ಬರೆದರೆ ಯಾವುದೋ ಅಮಾವಾಸ್ಯೆಯ ಹಾಗೆ ಕೇಳುತ್ತದೆ. ‘ಕಳ್ಳಗಂಡಿ’ ಅನ್ನಬಹುದೇ? ಬೇಕೆಂದೇ ಗುಟ್ಟಾಗಿ ಇಟ್ಟದ್ದಕ್ಕೆ ‘ಹಿಂಬಾಗಿಲು’ ಹೇಗೂ ಇದೆ, ಹಾಗಾಗಿ ಎರಡೂ ಬೆರೆಯಲಿಕ್ಕಿಲ್ಲ.

ಹಾಳೆ ಶನಿವಾರ ಪ್ರಿಂಟ್‌ಗೆ ಹೋಗಬೇಕು. ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಬ್ರೌಸರ್‌ನಲ್ಲಿ ಆಗಾಗ ಕಂಡಿಗಳು ಕಾಣಿಸಿಕೊಳ್ಳುತ್ತವೆ. ಅಪ್‌ಡೇಟ್ ಮಾಡಿ, ಬ್ರೌಸರನ್ನು ಒಮ್ಮೆ ಮುಚ್ಚಿ ತೆರೆಯಿರಿ. ದುಡ್ಡು ಕಟ್ಟಬೇಕಿಲ್ಲ.’ ಕೊನೆಯ ಸಾಲು ಮೇಷ್ಟ್ರಿಗಾಗಿ.